ಬಾಡಿಗೆ ಕಾರಿನ ಚರಿತ್ರಕಾರರು

‘ಟ್ಯಾಕ್ಸಿ ಚರಿತ್ರೆ’ ಎಂಬ ಹೊಸದೊಂದು ಬೈಗುಳು ನಮ್ಮ ವಿದ್ವಾಂಸರ ಬಾಯಲ್ಲಿ ಚಲಾವಣೆಗೆ ಬಂದಿದೆ. ಜಿಲ್ಲೆಯ ಒಂದು ಸಭೆಯಲ್ಲಿ ತರುಣನೊಬ್ಬ ತಾನು ಊರೂರು ತಿರುಗಿ ಕೂಡಿಸಿದ ಸ್ಥಳನಾಮಗಳ ಐತಿಹ್ಯವನ್ನು ಓದಿ ಕುಳಿತಾಗ, ಅಧ್ಯಕ್ಷಪೀಠದಲ್ಲಿದ್ದ ಹಿರಿಯರು, “ಇದೆಲ್ಲ ಚರಿತ್ರೆಯಲ್ಲ, ಟ್ಯಾಕ್ಸಿಯವರು ಪರವೂರಿನವರಿಗೆ ಹೇಳುವ ಹರಟೆ” ಎಂದು ಅಪ್ಪಣೆ ಕೊಡಿಸಿದರು. ಸಭೆ ನಕ್ಕಿತು. ಆ ತರುಣನೂ ನಗಬೇಕಾಯಿತು. ಹಿರಿಯರ ಪಾಂಡಿತ್ಯದ ಬಗ್ಗೆ ನನಗೆ ಗೌರವ ಉಂಟು. ಆದರೆ ಅವರು ಅಂದು ಆಡಿದ ಮಾತು ತಪ್ಪು; ಬರಿಯ ತಪ್ಪಲ್ಲ, ನಮ್ಮ ಸೀಮೆಯ ಮಟ್ಟಿಗೆ ಅಪಾಯಕಾರಿಯಾದ ತಪ್ಪು. ಅದಕ್ಕಾಗಿ ಈ ಲೇಖನ.

ನಮ್ಮ ಸೀಮೆ ಎಂದರೆ ಪುತ್ತೂರು, ಸುಳ್ಯ, ಮತ್ತು ಇವೆರಡರ ಗ್ರಾಮಗಳನ್ನು ಕೂಡಿಸಿ ಮಾಡಿದ ಹೊಸ ತಾಲೂಕಾದ ಕಡಬ. ಇಲ್ಲಿ ಬೇಲೂರು ಹಳೆಬೀಡುಗಳಿಲ್ಲ, ಹಂಪೆಯಿಲ್ಲ. ಟಿಕೆಟು ಕೊಟ್ಟು ನೋಡುವ ಕೋಟೆಯಿಲ್ಲ. ಪುರಾತತ್ತ್ವ ಇಲಾಖೆಯ ನೀಲಿ ಫಲಕದ ಪಕ್ಕದಲ್ಲಿ ನಿಂತು ಮೂರು ಭಾಷೆಗಳಲ್ಲಿ ವಿವರಿಸುವ ಪರವಾನಗಿಯುಳ್ಳ ಮಾರ್ಗದರ್ಶಿಯಂತೂ ಇಲ್ಲವೇ ಇಲ್ಲ. ಇರುವುದು ಅಡಿಕೆ ತೋಟ, ರಬ್ಬರು, ಹೊಳೆ, ಗುಡ್ಡ, ದೇವಸ್ಥಾನ, ಭೂತಸ್ಥಾನ, ಮತ್ತು ಇವೆಲ್ಲವನ್ನೂ ಕೂಡಿಸುವ ದಾರಿ. ಈ ಸೀಮೆಯ ಚರಿತ್ರೆ ನಡೆದದ್ದು ದಾರಿಯ ಮೇಲೆ. ಹೊರಗಿನಿಂದ ಬಂದವನಿಗೆ ಆ ಚರಿತ್ರೆಯನ್ನು ಹೇಳಬಲ್ಲವನು, ಅವನ ಪಕ್ಕದಲ್ಲಿ ಎರಡು ಮೂರು ಗಂಟೆ ಕುಳಿತಿರುವವನು, ಒಬ್ಬನೇ: ಬಾಡಿಗೆ ಕಾರಿನ ಡ್ರೈವರು. ಅವನ ಬಾಯಿ ಮುಚ್ಚಿಸಿದರೆ ಬೇರೆ ಯಾರ ಬಾಯಿಯೂ ತೆರೆಯುವುದಿಲ್ಲ.

ಸುಳ್ಯದ ಸ್ಟ್ಯಾಂಡಿನಿಂದ ಮಂಗಳೂರಿಗೆ ‘ಒಂದು ಬಾಡಿಗೆ’ ಎಂದರೆ ಸುಮಾರು ೮೫ ಕಿಲೋಮೀಟರು. ಆಸ್ಪತ್ರೆಗೆ, ಕೋರ್ಟಿಗೆ, ವಿಮಾನ ನಿಲ್ದಾಣಕ್ಕೆ, ಮದುವೆಯ ಜವಳಿಗೆ. ಕಾರಣ ಯಾವುದಾದರೂ ಆಗಬಹುದು, ದಾರಿ ಒಂದೇ. ಜಾಲ್ಸೂರು, ಕನಕಮಜಲು, ಕಾವು, ಪುತ್ತೂರು, ಕಬಕ, ಮಾಣಿ, ಕಲ್ಲಡ್ಕ, ಮೇಲ್ಕಾರು, ಪಾಣೆಮಂಗಳೂರು, ಬಿ.ಸಿ. ರೋಡು, ಫರಂಗಿಪೇಟೆ, ಪಡೀಲು. ಇಪ್ಪತ್ತು ವರ್ಷ ಇದೇ ದಾರಿಯಲ್ಲಿ ಬಾಡಿಗೆ ಹೊಡೆದವನಿಗೆ ಮಂಗಳೂರು ಗೊತ್ತಿರುವಷ್ಟು ಮಂಗಳೂರಿನಲ್ಲೇ ಹುಟ್ಟಿ ಬೆಳೆದವನಿಗೆ ಗೊತ್ತಿರುವುದಿಲ್ಲ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಪೇಟೆಯವನು ತನ್ನ ಬೀದಿಯನ್ನು ಬಲ್ಲ. ಹಳ್ಳಿಯಿಂದ ಬಾಡಿಗೆ ತರುವವನು ಎಲ್ಲ ಬೀದಿಗಳನ್ನೂ ಬಲ್ಲವನಾಗಬೇಕು; ಪ್ರಯಾಣಿಕನು ಒಳಗೆ ಆಸ್ಪತ್ರೆಯಲ್ಲಿರುವಾಗ ಮೂರು ಗಂಟೆ ಹೊರಗೆ ಕಾಯಬೇಕು. ಕಾಯುವವನಿಗೆ ಕೇಳಲು ಪುರುಸೊತ್ತು ಉಂಟು. ಹಂಪನಕಟ್ಟೆಗೆ ಆ ಹೆಸರು ಯಾಕೆ ಬಂತು, ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನ ಕಟ್ಟೆ ಎಂಬ ಮಾತು ನಿಜವೋ ಸುಳ್ಳೋ, ಕದ್ರಿಯ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪರ ಕುಂದವರ್ಮ ೯೬೮ರಲ್ಲಿ ಬರೆಸಿದ ಶಾಸನ ಉಂಟೆಂಬುದು ದಿಟವೇ — ಇಂಥ ಪ್ರಶ್ನೆಗಳು ಆಸ್ಪತ್ರೆಯ ಎದುರಿನ ಚಾದಂಗಡಿಯಲ್ಲಿ ಚರ್ಚೆಯಾಗುವಷ್ಟು ಗಂಭೀರವಾಗಿ ನಮ್ಮ ಎಷ್ಟು ಕಾಲೇಜುಗಳಲ್ಲಿ ಆಗುತ್ತಿವೆ? ನಾನು ಕೇಳುತ್ತೇನೆ ಅಷ್ಟೆ.

ಈಗ ಆ ದಾರಿಯ ಮಾತಿಗೆ ಬರುತ್ತೇನೆ. ಹಿರಿಯರು ‘ಹರಟೆ’ ಎಂದು ತಳ್ಳಿಹಾಕಿದ್ದರಲ್ಲಿ ಮುಖ್ಯವಾದುದು ಅದೇ.

೧೮೩೪ರಲ್ಲಿ ಇಂಗ್ಲಿಷರು ಕೊಡಗಿನ ಚಿಕ್ಕವೀರರಾಜನನ್ನು ಪಟ್ಟದಿಂದಿಳಿಸಿ, ಅವನ ರಾಜ್ಯಕ್ಕೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಜೋಡಿಸಿದರು. ಅದುವರೆಗೆ ಬೆಳೆದುದರಲ್ಲೇ ಪಾಲು ಕೊಟ್ಟು ತೀರಿಸುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ತರಬೇಕು ಎಂದಾಯಿತು. ಭತ್ತ ಬೆಳೆಯುವವನು ಹಣ ಎಲ್ಲಿಂದ ತರಬೇಕು? ಸಾಹುಕಾರನ ಬಾಗಿಲಿಗೇ ಹೋಗಬೇಕು. ಮೂರು ವರ್ಷ ಜನ ಇದನ್ನು ನುಂಗಿಕೊಂಡರು. ೧೮೩೭ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಪೂಮಲೆಯಲ್ಲಿ ದಂಡು ಸೇರಿತು. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರು ಅದರ ಹಿರಿಯಾಳು; ಮುಂದೆ ನಿಂತವನು ಅರಸುಮನೆತನದ ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪ. ಮೊದಲು ಬೆಳ್ಳಾರೆಯ ಖಜಾನೆ ವಶವಾಯಿತು. ಬಳಿಕ ಪುತ್ತೂರು. ದಂಡನ್ನು ತಡೆಯಲು ಪುತ್ತೂರಿನವರೆಗೆ ಬಂದಿದ್ದ ಕಲೆಕ್ಟರ್ ಲೆವಿನ್ ಹಿಂದಕ್ಕೆ ಹೋಗಬೇಕಾಯಿತು. ಏಪ್ರಿಲ್ ೫ರಂದು ಮಂಗಳೂರಿನ ಗುಡ್ಡದ ಮೇಲೆ ಬಂಡಾಯಗಾರರ ಬಾವುಟ ಹಾರಿತು. ೧೩ ದಿನ ಮಂಗಳೂರು ಅವರದಾಗಿತ್ತು. ಆಮೇಲೆ ಕಣ್ಣಾನೂರಿನ ಕಡೆಯಿಂದ ಸಮುದ್ರಮಾರ್ಗವಾಗಿ ಕಂಪೆನಿಯ ಸೈನ್ಯ ಬಂತು; ಮುಂದಿನದು ಗಲ್ಲು, ಗಡೀಪಾರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ೧೮೫೭ಕ್ಕೆ ಇನ್ನೂ ೨೦ ವರ್ಷ ಇತ್ತು.

ಸುಳ್ಯದಿಂದ ಪೈಚಾರು, ಸೋಣಂಗೇರಿಗಾಗಿ ಬೆಳ್ಳಾರೆಗೆ ಹೋಗಿ, ಅಲ್ಲಿಂದ ಪುತ್ತೂರು, ಪಾಣೆಮಂಗಳೂರಿಗಾಗಿ ಮಂಗಳೂರು ಸೇರುವ ಕಾರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಬೇರೆ ಹೇಳಬೇಕೆ? ಆ ದಂಡು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ನಡೆಯಿತು. ಮಂಗಳೂರಿನವರು ದಿನಕ್ಕೆ ನಾಲ್ಕು ಬಾರಿ ‘ಬಾವುಟಗುಡ್ಡೆ’ ಎನ್ನುತ್ತಾರೆ. ಯಾರ ಬಾವುಟ ಎಂದು ಕೇಳುವವರು ಮೊನ್ನೆ ಮೊನ್ನೆಯವರೆಗೆ ಎಷ್ಟು ಮಂದಿ ಇದ್ದರು? ೨೦೨೨ರ ನವೆಂಬರಿನಲ್ಲಿ ಅಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತ ಮೇಲೆ ಕೆಲವರು ಕೇಳತೊಡಗಿದ್ದಾರೆ. ಆದರೆ ಸುಳ್ಯದ ಡ್ರೈವರನಿಗೆ ಉತ್ತರ ಪ್ರತಿಮೆಗಿಂತ ಮೊದಲೇ ಗೊತ್ತಿತ್ತು, ಅವನ ಅಜ್ಜಿ ಹೇಳಿದ್ದಳು. ಬಾಡಿಗೆ ಮೂಡಬಿದರೆಯ ಕಡೆಗಿದ್ದು ಬಿಕರ್ನಕಟ್ಟೆಯನ್ನು ಹಾಯ್ದರೆ ಅವನು ಒಂದು ಕ್ಷಣ ವೇಗ ತಗ್ಗಿಸಿ, “ನಮ್ಮವರನ್ನು ನೇತು ಹಾಕಿದ್ದು ಇಲ್ಲೇ ಅಂತೆ ಸ್ವಾಮಿ” ಎನ್ನುತ್ತಾನೆ. ‘ಅಂತೆ’ ಎಂಬ ಆ ಎರಡಕ್ಷರವನ್ನು ಗಮನಿಸಬೇಕು. ನಮ್ಮ ಅನೇಕ ಪ್ರಬಂಧಕಾರರಿಗೆ ಇರದ ಎಚ್ಚರ ಅದರಲ್ಲಿದೆ.

ಇಷ್ಟು ದೊಡ್ಡ ಸಂಗತಿ ಬಾಯಿಯಿಂದ ಬಾಯಿಗೆ ಯಾಕೆ ಉಳಿಯಬೇಕಾಯಿತು ಎಂಬುದನ್ನೂ ವಾಚಕರು ಯೋಚಿಸಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇದೇ ಮಂಗಳೂರಿನಲ್ಲಿ ಮೊಗ್ಲಿಂಗ್ ಪಾದ್ರಿಗಳ ಕೈಯಿಂದ ಹೊರಟದ್ದು ೧೮೪೩ರ ಜುಲೈಯಲ್ಲಿ. ಬಂಡಾಯ ಮುಗಿದು ಆಗಲೇ ಆರು ವರ್ಷವಾಗಿತ್ತು. ೧೮೩೭ರಲ್ಲಿ ಕನ್ನಡದಲ್ಲಿ ಸುದ್ದಿ ಅಚ್ಚು ಹಾಕುವವರು ಯಾರೂ ಇರಲಿಲ್ಲ. ಬರೆದುಕೊಂಡವರು ಕಂಪೆನಿಯ ಅಧಿಕಾರಿಗಳು ಮಾತ್ರ. ಓಡಿಹೋದವರು ಓಡಿಸಿದವರ ಬಗ್ಗೆ ಏನು ಬರೆಯುತ್ತಾರೋ ಅದನ್ನೇ ಬರೆದರು. ಜನ ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದರು. ಕಾಟಕಾಯಿ ಎಂದರೆ ಸುಲಿಗೆ, ದಾಂಧಲೆ. ಸರಕಾರದ ಭಯಕ್ಕೆ ಸರಕಾರದ ಮಾತನ್ನೇ ಆಡುತ್ತ, ಒಳಗೊಳಗೆ ಕಥೆಯನ್ನು ಮಕ್ಕಳಿಗೆ ದಾಟಿಸಿದ ಜನ ಇವರು. ಬಹಳ ಕಾಲದ ಮೇಲೆ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿ ಬರೆದರು, ಸಂಪಾಜೆಯ ಎನ್.ಎಸ್. ದೇವಿಪ್ರಸಾದರು ಬಂಡಾಯದ ಚರಿತ್ರೆಯನ್ನು ಪುಸ್ತಕಕ್ಕೆ ತಂದರು. ಇಂಥ ಬರವಣಿಗೆ ಸಾಧ್ಯವಾಗುವವರೆಗೆ ಕಥೆಯನ್ನು ಜೀವದಿಂದಿಟ್ಟವರು ಯಾರು? ಗದ್ದೆಯ ಹುಣಿಯಲ್ಲಿ, ಎತ್ತಿನ ಗಾಡಿಯಲ್ಲಿ, ಮತ್ತೆ ಸರ್ವಿಸು ಕಾರಿನಲ್ಲಿ ಅದನ್ನು ಹೇಳುತ್ತ ಬಂದವರು. ಗಾಡಿಯವನ ಜಾಗದಲ್ಲಿ ಇಂದು ಟ್ಯಾಕ್ಸಿಯವನು ಕುಳಿತಿದ್ದಾನೆ. ಅವನನ್ನು ಹರಟೆಮಲ್ಲನೆನ್ನುವ ಪಂಡಿತರು ತಮ್ಮ ಆಧಾರಗ್ರಂಥಗಳ ಬೇರು ಎಲ್ಲಿದೆ ಎಂದು ಒಮ್ಮೆ ಅಗೆದು ನೋಡುವುದು ಒಳ್ಳೆಯದು.

ಗಾಂಧೀಜಿಯವರೂ ಇದೇ ದಾರಿಯಲ್ಲಿ ಬಂದವರು. ೧೯೩೪ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯ ಕಾಲಕ್ಕೆ, ಕೊಡಗಿನಿಂದ ಘಟ್ಟ ಇಳಿದು ಸಂಪಾಜೆ, ಸುಳ್ಯ, ಪುತ್ತೂರುಗಳಿಗಾಗಿ ಮಂಗಳೂರಿಗೆ ಹೋದರು. ಬಂಡಾಯದ ದಂಡು ನಡೆದ ಸುಮಾರು ನೂರು ವರ್ಷಕ್ಕೆ ಅದೇ ದಾರಿಯಲ್ಲಿ ಅಹಿಂಸೆಯ ಮೋಟಾರು ಹೋಯಿತು. ಇದನ್ನು ತಿಳಿಸುವ ಒಂದು ಕಲ್ಲು ಹೆದ್ದಾರಿಯ ಅಂಚಿನಲ್ಲಿ ಹೋಗುವವನ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ‘ವೇಗ ಮಿತಿ’ಯ ಫಲಕ ಮಾತ್ರ.

ಇನ್ನು ಊರುಗಳ ಹೆಸರು. ಹಿರಿಯರು ಮುಖ್ಯವಾಗಿ ಹಾಸ್ಯ ಮಾಡಿದ್ದು ಇದನ್ನೇ. ಕನಕಮಜಲು ಎಂಬಲ್ಲಿ ‘ಮಜಲು’ ಏನು? ನಮ್ಮ ಕಡೆ ಗದ್ದೆಗಳಲ್ಲಿ ಮೂರು ತರಗತಿ: ತಗ್ಗಿನಲ್ಲಿದ್ದು ನೀರು ನಿಲ್ಲುವ ಬೈಲು, ಅದಕ್ಕಿಂತ ಮೇಲಿನ ಮಜಲು, ಮಳೆಯೊಂದನ್ನೇ ನಂಬಿದ ಬೆಟ್ಟು. ಕಂದಾಯ ನಿಂತಿದ್ದುದು ಈ ಲೆಕ್ಕದ ಮೇಲೆ. ಹೆದ್ದಾರಿಯ ಒಂದು ನಿಲುಗಡೆಯ ಹೆಸರಿನಲ್ಲಿ ಹೀಗೆ ಒಂದು ಇಡೀ ಭೂಕಂದಾಯ ಪದ್ಧತಿ ಮಲಗಿದೆ. ಆ ಕಂದಾಯಕ್ಕಾಗಿಯೇ ೧೮೩೭ರಲ್ಲಿ ಜನ ಎದ್ದರು. ‘ಅಡ್ಕ’ ಎಂದರೆ ಗುಡ್ಡದ ಮೇಲಿನ ಬಯಲು, ಮೇವಿಗೆ ಆಟಕ್ಕೆ ಒದಗುವ ಒಣನೆಲ. ಕಲ್ಲಡ್ಕ, ಉಬರಡ್ಕ ಎರಡೂ ಅಂಥವು. ‘ಕೈಕಂಬ’ ಎಂಬ ಊರು ಜಿಲ್ಲೆಯಲ್ಲಿ ಒಂದಲ್ಲ. ಬಿಕರ್ನಕಟ್ಟೆಯಲ್ಲೊಂದು, ಗುರುಪುರದಲ್ಲೊಂದು, ಬಿ.ಸಿ. ರೋಡಿನಲ್ಲೊಂದು, ಸುಬ್ರಹ್ಮಣ್ಯದ ದಾರಿಯಲ್ಲೊಂದು. ಇಂಥಿಂಥ ಊರಿಗೆ ಇಂತಿಷ್ಟು ಮೈಲು ಎಂದು ಕೈ ಚಾಚಿ ತೋರಿಸುವ ಕಂಬ ನಿಂತಿದ್ದ ಕೂಡುರಸ್ತೆ ಅದು. ಕಂಬ ಹೋಯಿತು, ಊರು ಉಳಿಯಿತು. ಬಿ.ಸಿ. ರೋಡು ಎಂದರೆ ‘ಬಂಟ್ವಾಳ ಕ್ರಾಸ್ ರೋಡು’ ಎಂದು ತಿಳಿಯದೆ ಅಲ್ಲೇ ಮೂವತ್ತು ವರ್ಷ ಅಂಗಡಿ ಇಟ್ಟವರಿದ್ದಾರೆ. ಫರಂಗಿಪೇಟೆಯಲ್ಲಿ ಫರಂಗಿಗಳಿದ್ದರು, ಪೋರ್ಚುಗೀಸ್ ಪಾದ್ರಿಗಳು ಅಲ್ಲಿ ೧೫೨೬ರಲ್ಲೇ ಮಠ ಕಟ್ಟಿದ್ದರು. ಉಪ್ಪಿನಂಗಡಿಯ ಹೆಸರೇ ಕರಾವಳಿಯ ಉಪ್ಪಿನ ವ್ಯಾಪಾರವನ್ನು ಹೇಳುತ್ತದೆ. ನೇತ್ರಾವತಿ ಕುಮಾರಧಾರೆಗಳು ಕೂಡುವ ಆ ಊರಿನ ಹೆಸರಿನಲ್ಲೇ ಇಂಗ್ಲಿಷರ ಕಾಲದ ತಾಲೂಕು ಇತ್ತು, ಕಚೇರಿ ಮಾತ್ರ ಪುತ್ತೂರಿನಲ್ಲಿ. ೧೯೨೩ರ ‘ಮಾರಿ ಬೊಳ್ಳ’ದ ನೀರು ಎಲ್ಲಿವರೆಗೆ ಏರಿತ್ತು, ೧೯೭೪ರದು ಎಲ್ಲಿವರೆಗೆ ಎಂದು ಉಪ್ಪಿನಂಗಡಿಯ, ಪಾಣೆಮಂಗಳೂರಿನ ಹಳಬರು ಗೋಡೆ ಮುಟ್ಟಿ ತೋರಿಸುತ್ತಾರೆ. ಅದನ್ನು ಪರವೂರಿನ ಪ್ರಯಾಣಿಕನ ಕಿವಿಗೆ ತಲುಪಿಸುವವನು ಕಾರಿನವನು.

ಆಕ್ಷೇಪಣೆ ಸಿದ್ಧವಾಗಿದೆ: “ಡ್ರೈವರುಗಳು ಸುಳ್ಳು ಹೇಳುತ್ತಾರಲ್ಲ?” ಹೇಳುತ್ತಾರೆ. ಪುತ್ತೂರಿನ ಹೆಸರನ್ನೇ ತೆಗೆದುಕೊಳ್ಳಿ. ಮಹಾಲಿಂಗೇಶ್ವರನ ಕೆರೆ ತೋಡಿದಾಗ ನೀರು ಬರಲಿಲ್ಲವಂತೆ, ಕೆರೆಯ ತಳದಲ್ಲೇ ಸಂತರ್ಪಣೆ ಮಾಡಿದರಂತೆ, ಉಣ್ಣುತ್ತಿದ್ದಾಗ ನೀರು ಉಕ್ಕಿತಂತೆ, ಎಲೆಯ ಮೇಲೆ ಉಳಿದ ಅನ್ನದ ಅಗುಳು ಮುತ್ತಾಯಿತಂತೆ, ಆ ಮುತ್ತಿನ ಊರು ಪುತ್ತೂರಾಯಿತಂತೆ. ಆ ಕೆರೆಯ ನೀರು ಕುಡಿದ ಆನೆ ಉಳಿಯುವುದಿಲ್ಲ, ಆದುದರಿಂದ ಜಾತ್ರೆಗೆ ಆನೆ ತರುವುದಿಲ್ಲ ಎಂಬುದು ಇದರ ಬಾಲ. ಭಾಷಾಶಾಸ್ತ್ರಜ್ಞರು, ‘ಮುತ್ತು’ ಎಂಬುದು ‘ಪುತ್ತು’ ಆಗದು, ಹುತ್ತಕ್ಕೆ ಹಳಗನ್ನಡದಲ್ಲಿ ‘ಪುತ್ತು’ ಎಂಬ ಶಬ್ದವಿದೆ, ಅಥವಾ ‘ಹೊಸ ಊರು’ ಎಂಬರ್ಥವೂ ಇರಬಹುದು ಎನ್ನುತ್ತಾರೆ. ಅವರು ಹೇಳುವುದೇ ಸರಿಯಿರಬೇಕು. ಆದರೆ ಮುತ್ತಿನ ಕಥೆಯನ್ನು ಹುಟ್ಟಿಸಿದವನು ಟ್ಯಾಕ್ಸಿ ಡ್ರೈವರನೇ? ಅದು ದೇವಸ್ಥಾನದ ಐತಿಹ್ಯ. ಊರಿನ ವಿದ್ಯಾವಂತರೂ ಅದನ್ನೇ ಹೇಳುತ್ತ ಬಂದಿದ್ದಾರೆ. ನಂಬುವವನು ಪಂಡಿತನಾದರೆ ಅದು ಐತಿಹ್ಯ, ಡ್ರೈವರನಾದರೆ ಸುಳ್ಳು — ಇದು ಯಾವ ನ್ಯಾಯ?

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪುಸ್ತಕದ ತಪ್ಪು ಎರಡನೆಯ ಮುದ್ರಣದವರೆಗೆ, ಕೆಲವೊಮ್ಮೆ ಗ್ರಂಥಕರ್ತನ ಮರಣದವರೆಗೆ, ಹಾಗೆಯೇ ಉಳಿಯುತ್ತದೆ. ಡ್ರೈವರನ ತಪ್ಪು ಮುಂದಿನ ಬಾಡಿಗೆಯವರೆಗೆ ಮಾತ್ರ. ಬೆಳ್ಳಾರೆಯ ಬಂಗ್ಲೆಗುಡ್ಡೆಯ ಬಗ್ಗೆ ಅವನು ಒಂದು ಮಾತು ತಪ್ಪಿ ಆಡಿದರೆ ಹಿಂದಿನ ಸೀಟಿನಲ್ಲಿರುವ ಬೆಳ್ಳಾರೆಯ ಅಜ್ಜ, “ಎಂಥದು ಮಾರಾಯ, ಹಾಗಲ್ಲ ಅದು” ಎಂದು ಅಲ್ಲೇ ತಿದ್ದುತ್ತಾರೆ. ಒಂದೇ ದಿನದಲ್ಲಿ ಅವನು ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ, ಹವ್ಯಕರ ಕನ್ನಡದಲ್ಲಿ ತಿದ್ದಿಸಿಕೊಳ್ಳುತ್ತಾನೆ. ಇಷ್ಟು ಮಂದಿ ಪರಿಶೀಲಕರು ಯಾವ ವಿಶ್ವವಿದ್ಯಾನಿಲಯದ ಪ್ರಬಂಧಕ್ಕೆ ದೊರೆಯುತ್ತಾರೆ?

ಹಾಗೆಂದು ಎಲ್ಲ ಡ್ರೈವರುಗಳನ್ನೂ ಹೊಗಳಲು ನಾನು ಹೊರಟಿಲ್ಲ. ಕುಕ್ಕೆಯಿಂದ ಧರ್ಮಸ್ಥಳದವರೆಗೆ ಹಾಡಿನ ಪೆಟ್ಟಿಗೆಯನ್ನು ಗಟ್ಟಿಯಾಗಿ ಹಚ್ಚಿ, ಬಾಯಿ ತೆರೆಯುವುದು ಊಟದ ಹೋಟೆಲಿನ ಹೆಸರು ಹೇಳಲಿಕ್ಕೆ ಮಾತ್ರ ಎಂಬವರೂ ಉಂಟು. ಆ ಹೋಟೆಲಿನಿಂದ ಅವರಿಗೆ ಏನು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಂಥವರ ಪರವಾಗಿ ವಕಾಲತ್ತು ನನಗೆ ಬೇಡ. ನನ್ನ ಮಾತು ಕುತೂಹಲವುಳ್ಳವರ ಬಗ್ಗೆ. ಅವರ ಸಂಖ್ಯೆ ನಾವು ಎಣಿಸಿದ್ದಕ್ಕಿಂತ ದೊಡ್ಡದು.

“ಆದರೂ ಇವೆಲ್ಲ ಚಿಲ್ಲರೆ ಸಂಗತಿಗಳಲ್ಲವೇ?” ಎನ್ನುವವರಿಗೆ ಪುತ್ತೂರಿನವರು ಕೊಡಬೇಕಾದ ಉತ್ತರ ಪುತ್ತೂರಿನಲ್ಲೇ ಇದೆ. ಬಾಲವನದಲ್ಲಿ ಬಹುಕಾಲ ಇದ್ದ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ನಕ್ಷತ್ರದಿಂದ ಕೀಟದವರೆಗೆ, ಯಂತ್ರದಿಂದ ಚಿತ್ರಕಲೆಯವರೆಗೆ, ಮಕ್ಕಳು ಕೇಳಬಹುದಾದ ಚಿಲ್ಲರೆ ಪ್ರಶ್ನೆಗಳನ್ನೇ ಒಬ್ಬರೇ ಕೂಡಿಸಿ ಉತ್ತರಿಸಿದ ಸಾಹಸ ಅದು. ಕಡಬ ತಾಲೂಕಿನ ಕುಳ್ಕುಂದದಲ್ಲಿ ೧೯೨೪ರಲ್ಲಿ ಹುಟ್ಟಿದ ನಿರಂಜನರು ಮುಂದೆ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳನ್ನು ಸಂಪಾದಿಸಿದರು. ಕನ್ನಡದ ಮಕ್ಕಳಿಗೆ ವಿಶ್ವಕೋಶ ಕಟ್ಟಿಕೊಟ್ಟ ಇಬ್ಬರಿಗೂ ಈ ಸೀಮೆಯ ಋಣ ಇರುವುದು ಆಕಸ್ಮಿಕವೇ ಇರಬಹುದು. ಆದರೆ ಸಣ್ಣ ಸಂಗತಿಯನ್ನು ತುಚ್ಛವೆಂದು ಅವರಲ್ಲಿ ಒಬ್ಬರೂ ಬಗೆಯಲಿಲ್ಲ ಎಂಬುದು ಆಕಸ್ಮಿಕವಲ್ಲ. ಸುಬ್ರಹ್ಮಣ್ಯ ರೋಡ್ ರೈಲುನಿಲ್ದಾಣದಲ್ಲಿ ಇಳಿದು ಕುಕ್ಕೆಗೆ ಹೋಗುವ ಭಕ್ತರ ಜೀಪು ನಿತ್ಯವೂ ಕುಳ್ಕುಂದವನ್ನು ಹಾಯುತ್ತದೆ. ‘ಚಿರಸ್ಮರಣೆ’ ಬರೆದವರು ಹುಟ್ಟಿದ್ದು ಇಲ್ಲಿ ಎಂದು ಹೇಳಲು ಜೀಪಿನವನಿಗೆ ಅರ್ಧ ನಿಮಿಷ ಸಾಕು. ಅವನಿಗೆ ಅದನ್ನು ನಾವು ಹೇಳಿದ್ದೇವೆಯೆ?

ನಮ್ಮ ತಾಲೂಕುಗಳ ಹುಡುಗರು ಬೆಂಗಳೂರಿಗೆ ಹೋಗಿ ಟ್ಯಾಕ್ಸಿ ಹೊಡೆಯುತ್ತಿರುವುದು ಹೊಸ ಸುದ್ದಿಯಲ್ಲ. ಅಲ್ಲಿಯೂ ಅವರ ಕುತೂಹಲ ಅವರನ್ನು ಬಿಡುವುದಿಲ್ಲ. ಮೆಜೆಸ್ಟಿಕ್ಕಿನ ಬಸ್ಸು ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ಹಾಕಿ ಆಡುವುದು ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಚಲ್ಲಘಟ್ಟದ ಕೆರೆಯಲ್ಲಿ ಧನವಂತರು ಗಾಲ್ಫ್ ಆಡುತ್ತಾರೆ. ಮಳೆ ಬಂದ ರಾತ್ರಿ ಯಾವ ರಸ್ತೆ ಮುಳುಗುತ್ತದೆಂದು ತಿಳಿಯಬೇಕಾದವನು ಹಿಂದೆ ಅಲ್ಲಿ ಏನಿತ್ತೆಂದು ತಿಳಿಯಲೇಬೇಕು. ಡ್ರೈವರನಿಗೆ ಚರಿತ್ರೆ ಹೊಟ್ಟೆಪಾಡಿನ ವಿದ್ಯೆಯಾಗುವುದು ಹೀಗೆ. ನಗರಯೋಜನೆ ಮಾಡುವವರಿಗೆ ಅದು ಹೊಟ್ಟೆಪಾಡಿನ ವಿದ್ಯೆಯಾಗಿದ್ದರೆ ಕೆರೆಗಳು ಉಳಿಯುತ್ತಿದ್ದವೋ ಏನೋ.

ಲಂಡನ್ನಿನ ಕರಿಯ ಟ್ಯಾಕ್ಸಿಯವರ ಸಂಗತಿಯನ್ನು ಇಲ್ಲಿ ತರುವುದು ಅಗತ್ಯ. ಇಂಗ್ಲಿಷರ ಉದಾಹರಣೆ ಕೊಟ್ಟರೆ ನಮ್ಮಲ್ಲಿ ಬೇಗ ಒಪ್ಪುತ್ತಾರೆ. ಅಲ್ಲಿ ೧೮೬೫ರಿಂದ ಟ್ಯಾಕ್ಸಿಯವನಾಗಬೇಕೆನ್ನುವವನಿಗೆ ಒಂದು ಪರೀಕ್ಷೆಯುಂಟು. ‘ನಾಲೆಜ್’ ಎಂದರೆ ‘ಜ್ಞಾನ’ ಎಂದೇ ಅದರ ಹೆಸರು. ಚಾರಿಂಗ್ ಕ್ರಾಸಿನಿಂದ ಆರು ಮೈಲಿ ಸುತ್ತಳತೆಯೊಳಗಿನ ಸುಮಾರು ೨೫,೦೦೦ ಬೀದಿಗಳು, ಅವುಗಳಲ್ಲಿರುವ ಆಸ್ಪತ್ರೆ, ನಾಟಕಶಾಲೆ, ಸ್ಮಾರಕ, ಛತ್ರಗಳೆಲ್ಲ ಬಾಯಿಪಾಠ ಬರಬೇಕು. ಪರೀಕ್ಷಕರ ಎದುರು ಕುಳಿತು ಮೌಖಿಕವಾಗಿ ಉತ್ತರಿಸಬೇಕು. ಇದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಈ ಡ್ರೈವರುಗಳ ಮಿದುಳನ್ನು ಎಲೀನರ್ ಮಗ್ವೈರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪರೀಕ್ಷಿಸಿ, ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿರುವುದನ್ನು ೨೦೦೦ದಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಲೈಸೆನ್ಸಿಗೆ ಏನು ಕೇಳುತ್ತಾರೆ? ಗಾಡಿಯನ್ನು ಹಿಂದಕ್ಕೆ ತೆಗೆಯಲು ಬರುತ್ತದೆಯೆ, ದಾರಿಯ ಚಿಹ್ನೆಗಳು ಗೊತ್ತೆ ಎಂದು. ಅದು ಬೇಕಾದದ್ದೇ. ಆದರೆ ಯಾತ್ರಿಕರನ್ನು ಕೂರಿಸಿಕೊಳ್ಳುವವನು ದಾರಿಯನ್ನೂ ಬಲ್ಲನೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಈ ಮಾತಿಗೆ ತತ್‌ಕ್ಷಣ ಬರುವ ಉತ್ತರ: ಮೊಬೈಲು ಇದೆಯಲ್ಲ! ಇದೆ. ಅದರ ನಕ್ಷೆ ಎಡಕ್ಕೆ ತಿರುಗು ಎನ್ನುತ್ತದೆ, ಬಲಕ್ಕೆ ತಿರುಗು ಎನ್ನುತ್ತದೆ. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಸಂಪಾಜೆಯ ಘಾಟಿ ಮುಚ್ಚಿಹೋದಾಗ ಯಾವ ಒಳದಾರಿಯಲ್ಲಿ ಯಾವ ಹೊಳೆಗೆ ಸಂಕ ಉಂಟು, ಯಾವುದು ಮಳೆಗಾಲಕ್ಕೆ ಆಗದು ಎಂಬುದು ಸ್ಟ್ಯಾಂಡಿನವರಿಗೆ ಗೊತ್ತಿತ್ತು. ಅದೂ ಹೋಗಲಿ. ಆ ನಕ್ಷೆಯಲ್ಲಿ ಅಂಗಡಿಯ ಹೆಸರು ದೊ‌ಡ್ಡದಾಗಿ ಕಾಣುತ್ತದೆ, ಊರಿನ ಹೆಸರು ಸಣ್ಣದಾಗಿ ಕಾಣುತ್ತದೆ, ಬೈಲಿನ ಹೆಸರು ಕಾಣುವುದೇ ಇಲ್ಲ. ಹತ್ತು ವರ್ಷ ಅದನ್ನೇ ನೋಡಿ ಗಾಡಿ ಹೊಡೆದವನ ಬಾಯಲ್ಲಿ ‘ಕಟ್ಟೆ’, ‘ಪದವು’, ‘ಮಜಲು’ ಸತ್ತುಹೋಗುತ್ತವೆ. ಉಳಿಯುವುದು ಪೆಟ್ರೋಲು ಬಂಕು ಮತ್ತು ಬಟ್ಟೆಯ ಅಂಗಡಿ. ಹೆದ್ದಾರಿ ಅಗಲಮಾಡುವವರು ಕಟ್ಟೆಯನ್ನೂ ಅದರ ಮೇಲಿನ ಅಶ್ವತ್ಥವನ್ನೂ ತೆಗೆಯುತ್ತಾರೆ, ನಕ್ಷೆಯವರು ಹೆಸರನ್ನೂ ತೆಗೆಯುತ್ತಾರೆ. ಆಮೇಲೆ ನಮ್ಮ ಹಿರಿಯರು ಸಭೆ ಸೇರಿ, ಸ್ಥಳೀಯ ಚರಿತ್ರೆಗೆ ಆಕರಗಳಿಲ್ಲ ಎಂದು ಮರುಗುತ್ತಾರೆ!

ಪ್ರಯಾಣಿಕರದೂ ತಪ್ಪಿದೆ. ಹಿಂದಿನ ಸೀಟಿನಲ್ಲಿ ಕುಳಿತು ಕಣ್ಣು ಮೊಬೈಲಿನಲ್ಲಿಟ್ಟವನಿಗೆ ಯಾರು ಕಥೆ ಹೇಳಬೇಕು? ಡ್ರೈವರು ಒಮ್ಮೆ ಹೇಳಿ ನೋಡುತ್ತಾನೆ, ‘ಹೂಂ’ ಎಂಬ ಉತ್ತರವೂ ಬಾರದಿದ್ದರೆ ಸುಮ್ಮನಾಗುತ್ತಾನೆ. ಗಾಡಿ ನಡೆಸುವಾಗ ಮಾತಾಡುವುದು ಅಪಾಯ ಎಂದು ಆಕ್ಷೇಪಿಸುವವರಿದ್ದಾರೆ. ಘಾಟಿಯ ತಿರುವಿನಲ್ಲಿ ಒಳ್ಳೆಯ ಡ್ರೈವರನು ಮಾತಾಡುವುದೂ ಇಲ್ಲ. ಕಥೆ ನಡೆಯುವುದು ಕಲ್ಲಡ್ಕದಲ್ಲಿ ‘ಕೆ.ಟಿ.’ ಕುಡಿಯುವಾಗ. ಹಾಲು ಕೆಳಗೆ, ಚಾ ಮೇಲೆ ನಿಲ್ಲುವ ಆ ಗ್ಲಾಸನ್ನು ಕದಡದೆ ನೋಡುವಷ್ಟು ತಾಳ್ಮೆಯಿದ್ದವರಿಗೆ ಎದುರಿನ ಮನುಷ್ಯನ ಮಾತನ್ನು ಕೇಳುವಷ್ಟು ತಾಳ್ಮೆಯೂ ಇರಬೇಡವೇ?

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ವರ್ಷವೋ ಎರಡು ವರ್ಷಕ್ಕೊಮ್ಮೆಯೋ ಪುತ್ತೂರು, ಸುಳ್ಯ, ಕಡಬಗಳಲ್ಲಿ ತಾಲೂಕು ಸಾಹಿತ್ಯ ಸಮ್ಮೇಳನ ನಡೆಯುತ್ತದೆ. ಕೃಷಿಗೋಷ್ಠಿ ಉಂಟು, ಶಿಕ್ಷಣಗೋಷ್ಠಿ ಉಂಟು, ಕವಿಗೋಷ್ಠಿಯಂತೂ ಮುಗಿಯುವುದೇ ಇಲ್ಲ. ಮುಂದಿನ ಸಮ್ಮೇಳನದಲ್ಲಿ ಒಂದು ಅಪರಾಹ್ನವನ್ನು ಕಾರು, ಜೀಪು, ರಿಕ್ಷಾ ಸ್ಟ್ಯಾಂಡುಗಳವರಿಗೆ ಬಿಟ್ಟುಕೊಡಲಿ. ಅವರು ವೇದಿಕೆಯ ಮೇಲೆ ಕುಳಿತು ತಾವು ಹೇಳುವ ಕಥೆಗಳನ್ನು ಹೇಳಲಿ. ಪಂಡಿತರು ಕೆಳಗೆ ಕುಳಿತು ಬರೆದುಕೊಳ್ಳಲಿ. ತಪ್ಪಿದ್ದಲ್ಲಿ ಎದ್ದು ನಿಂತು, ಆಧಾರ ತೋರಿಸಿ, ಮರ್ಯಾದೆಯಿಂದ ತಿದ್ದಲಿ. ಆ ಬರಹವನ್ನು ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿ, ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಹೊರಗೆ ನಿಲ್ಲುವ ಪ್ರತಿಯೊಬ್ಬ ಜೀಪಿನವನಿಗೂ, ಪುತ್ತೂರು ಸುಳ್ಯಗಳ ಪ್ರತಿ ಸ್ಟ್ಯಾಂಡಿಗೂ ಹಂಚಲಿ. ಸ್ಮರಣಸಂಚಿಕೆಗೆ ಆಗುವ ಖರ್ಚಿನ ಕಾಲು ಭಾಗ ಸಾಕು. ಸ್ಮರಣಸಂಚಿಕೆಯನ್ನು ಓದುವವರಿಗಿಂತ ಇದನ್ನು ಓದುವವರು ಹೆಚ್ಚಾಗುತ್ತಾರೆ. ದಾರಿಯ ಹತ್ತು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ ಡ್ರೈವರನ ಗಾಡಿಯ ಗಾಜಿನ ಮೇಲೆ ಹಚ್ಚಲು ಪರಿಷತ್ತಿನ ಒಂದು ಚೀಟಿ ಕೊಟ್ಟರೆ, ಅದನ್ನು ನೋಡಿ ಹತ್ತುವ ಪ್ರಯಾಣಿಕರೂ ಸಿಕ್ಕುತ್ತಾರೆ. ಹೆಚ್ಚು ಬಾಡಿಗೆ ಬಂದರೆ ಹೆಚ್ಚು ಓದುತ್ತಾರೆ. ಇದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ಆ ಗೋಷ್ಠಿಯ ಅಧ್ಯಕ್ಷತೆಗೆ ನಾನು ಮೇಲೆ ಹೇಳಿದ ಹಿರಿಯರನ್ನೇ ಕರೆಯಬೇಕೆಂಬುದು ನನ್ನ ಸೂಚನೆ. ಅವರನ್ನು ಮನೆಯಿಂದ ಸಮ್ಮೇಳನದ ಚಪ್ಪರಕ್ಕೆ ಕರೆತರಲು ಹೇಗೂ ಒಂದು ಬಾಡಿಗೆ ಕಾರು ಬೇಕಾಗುತ್ತದೆ. ಅವರು ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳಲಿ.